ಹಳೆಯ ವಿಡಿಯೋ ಗೇಮುಗಳೇ ಚೆನ್ನಾಗಿದ್ದವೇ, ಅಥವಾ ನಮಗೆ ವಯಸ್ಸಾಯಿತೇ?

ಪ್ರಶ್ನೆ: ನನಗೆ 43 ವರ್ಷ. ತೊಂಬತ್ತರ ದಶಕದಲ್ಲಿ ಟಿವಿಗೆ ಜೋಡಿಸಿಕೊಂಡು ಮಾರಿಯೋ, ಕಾಂಟ್ರಾ ಆಡಿ ಬೆಳೆದವನು. ಕಾಲೇಜಿನ ದಿನಗಳಲ್ಲಿ ಸೈಬರ್ ಸೆಂಟರ್‌ಗಳಲ್ಲಿ ಕೌಂಟರ್ ಸ್ಟ್ರೈಕ್ ಮತ್ತು ಐಜಿಐ ಆಡಿದ್ದೂ ಉಂಟು. ಈಗ 14 ವರ್ಷದ ಮಗ ಫೋನಿನಲ್ಲಿ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಆಡುತ್ತಾನೆ. ನಾನು ‘ಇವು ಆಟಗಳಲ್ಲ, ಅಂಗಡಿಗಳು’ ಎನ್ನುತ್ತೇನೆ. ಅವನು ‘ನಿಮ್ಮ ಕಾಲದ ಆಟಗಳು ಹತ್ತು ನಿಮಿಷಕ್ಕೆ ಬೇಸರ ತರಿಸುತ್ತವೆ, ಸುಮ್ಮನೆ ಕಷ್ಟ ಕೊಡುತ್ತವೆ’ ಎನ್ನುತ್ತಾನೆ. ಹಳೆಯ ಆಟಗಳು ನಿಜಕ್ಕೂ ಉತ್ತಮವಾಗಿದ್ದವೇ, ಅಥವಾ ಅದು ನಮ್ಮ ಬಾಲ್ಯದ ಮೇಲಿನ ಮೋಹವೇ? ಬಹಳ ವರ್ಷಗಳಿಂದ ಆಡುತ್ತಿರುವ ನೀವು ನಿಮ್ಮ ಅಭಿಪ್ರಾಯವನ್ನು ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ಉತ್ತರ: ನಿಮ್ಮಿಬ್ಬರ ಈ ಜಗಳದಲ್ಲಿ ನಾನು ಯಾರ ಪಕ್ಷವನ್ನೂ ಪೂರ್ತಿಯಾಗಿ ವಹಿಸಲಾರೆ. ಸುಮಾರು 35 ವರ್ಷಗಳಿಂದ ಆಡುತ್ತ ಬಂದಿರುವ ನಾನು ಈಗ ಯಾವ ಆಟವನ್ನು ಕೈಗೆತ್ತಿಕೊಂಡರೂ ಅದರ ವಯಸ್ಸನ್ನಾಗಲಿ ಚಿತ್ರಗಳ ಅಂದವನ್ನಾಗಲಿ ಮೊದಲು ನೋಡುವುದಿಲ್ಲ. ಅದು ನನ್ನಿಂದ ಹಣವನ್ನು ಯಾವ ಗಳಿಗೆಯಲ್ಲಿ, ಯಾವ ನೆಪದಲ್ಲಿ ಕೇಳುತ್ತದೆ ಎಂಬುದನ್ನು ನೋಡುತ್ತೇನೆ. ಆಟವೊಂದು ಕಷ್ಟವಾಗಿರುವುದಕ್ಕೆ, ಉದ್ದವಾಗಿರುವುದಕ್ಕೆ, ಬಿಟ್ಟೆದ್ದು ಹೋಗಲು ಮನಸ್ಸು ಬಾರದಂತೆ ಇರುವುದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಹೆಚ್ಚಿನ ಸಲ ಅದು ಆ ಗಳಿಗೆಯಲ್ಲಿಯೇ ಸಿಗುತ್ತದೆ. ಈ ಅಳತೆಗೋಲಿನಿಂದ ನೋಡಿದರೆ ನಿಮ್ಮ ಬಾಲ್ಯದ ಆಟಗಳು ನೀವು ತಿಳಿದಿರುವಷ್ಟು ಮುಗ್ಧವಲ್ಲ, ನಿಮ್ಮ ಮಗನ ಆಟ ನೀವು ತಿಳಿದಿರುವಷ್ಟು ಟೊಳ್ಳೂ ಅಲ್ಲ.

ನಾಣ್ಯ ಹಾಕಿ ಆಡುವ ಯಂತ್ರಗಳಿಂದಲೇ ಆರಂಭಿಸೋಣ. 1978ರಲ್ಲಿ ಜಪಾನಿನ ಟೈಟೋ ಕಂಪನಿಗಾಗಿ ತೊಮೊಹಿರೊ ನಿಶಿಕಾದೊ ರೂಪಿಸಿದ ಸ್ಪೇಸ್ ಇನ್ವೇಡರ್ಸ್ ಆಟದಲ್ಲಿ, ಸಾಲುಗಟ್ಟಿ ಇಳಿದುಬರುವ ಅನ್ಯಲೋಕದ ಜೀವಿಗಳನ್ನು ಕೊಂದಷ್ಟೂ ಉಳಿದವುಗಳ ವೇಗ ಹೆಚ್ಚುತ್ತ ಹೋಗುತ್ತದೆ. ಇದು ಮೊದಲೇ ಯೋಚಿಸಿ ಇಟ್ಟದ್ದಲ್ಲ. ಪರದೆಯ ಮೇಲಿನ ಚಿತ್ರಗಳು ಕಡಿಮೆಯಾದಂತೆ ಯಂತ್ರದ ಹೊರೆ ಇಳಿದು ಅದು ತಾನಾಗಿಯೇ ಚುರುಕಾಗುತ್ತಿತ್ತು, ನಿಶಿಕಾದೊ ಅದನ್ನು ಸರಿಪಡಿಸದೆ ಹಾಗೆಯೇ ಉಳಿಸಿಕೊಂಡರು. ಆಟಗಾರನಿಗೆ ಅದು ರೋಮಾಂಚನ, ಯಂತ್ರದ ಮಾಲೀಕನಿಗೆ ಅದು ವರಮಾನ. ಏಕೆಂದರೆ ಜಪಾನಿನ 100 ಯೆನ್ ನಾಣ್ಯವಾಗಲಿ ಅಮೆರಿಕದ 25 ಸೆಂಟ್ ನಾಣ್ಯವಾಗಲಿ ಮತ್ತೆ ಬೀಳಬೇಕಾದರೆ ಆಡುತ್ತಿರುವವನು ಬೇಗ ಸಾಯಲೇಬೇಕು, ಆದರೆ ‘ಇನ್ನೊಂದು ಸಲ ಆಡಿದ್ದರೆ ಗೆಲ್ಲುತ್ತಿದ್ದೆ’ ಎಂಬ ನಂಬಿಕೆಯನ್ನು ಇಟ್ಟುಕೊಂಡೇ ಸಾಯಬೇಕು. ಮೂರು ಜೀವ, ಏರುತ್ತ ಹೋಗುವ ವೇಗ, ಸೋತ ಮೇಲೆ ಮೊದಲಿನಿಂದ ಆರಂಭ: ನಾವು ‘ಹಳೆಯ ಆಟಗಳ ಶಿಸ್ತು’ ಎಂದು ಹೊಗಳುವುದರಲ್ಲಿ ಬಹುಪಾಲು ಈ ನಾಣ್ಯದ ಪೆಟ್ಟಿಗೆಯ ಲೆಕ್ಕಾಚಾರವೇ.

ಆಟಗಾರನ ಜಾಣ್ಮೆಯೇ ಮಾಲೀಕನಿಗೆ ನಷ್ಟವಾಗುತ್ತಿತ್ತು ಎಂಬುದಕ್ಕೆ ಪ್ಯಾಕ್‌ಮನ್‌ಗಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 1980ರ ಆ ಆಟದಲ್ಲಿ ಆಟಗಾರನನ್ನು ಬೆನ್ನಟ್ಟುವ ಭೂತಗಳು ಒಂದೇ ಬಗೆಯ ನಡೆಗೆ ಪ್ರತಿಸಲವೂ ಒಂದೇ ಬಗೆಯಲ್ಲಿ ಉತ್ತರ ಕೊಡುತ್ತವೆ ಎಂಬುದನ್ನು ಪತ್ತೆಹಚ್ಚಿದ ಹುಡುಗರು, ಮಗ್ಗಿಯನ್ನು ಉರುಹಚ್ಚುವಂತೆ ದಾರಿಗಳನ್ನು ಉರುಹಚ್ಚಿ, ಒಂದೇ ನಾಣ್ಯದಲ್ಲಿ ಗಂಟೆಗಟ್ಟಲೆ ಯಂತ್ರವನ್ನು ಹಿಡಿದು ನಿಲ್ಲತೊಡಗಿದರು. ಇಂತಹ ಯಂತ್ರಗಳನ್ನು ಮತ್ತೆ ಕಠಿಣಗೊಳಿಸುವ ಹೆಚ್ಚುವರಿ ಬೋರ್ಡುಗಳನ್ನು ಮಾರುವುದೇ ಅಮೆರಿಕದ ಯುವಕರ ಗುಂಪೊಂದರ ಉದ್ಯೋಗವಾಯಿತು. ಪ್ಯಾಕ್‌ಮನ್‌ಗಾಗಿ ಅವರು ಮಾಡಿದ ಮಾರ್ಪಾಡೇ 1982ರಲ್ಲಿ ಮಿಸ್ ಪ್ಯಾಕ್‌ಮನ್ ಎಂಬ ಹೊಸ ಆಟವಾಗಿ ಹೊರಬಂದಿತು. ಅದರಲ್ಲಿ ಭೂತಗಳ ನಡೆಗೆ ಕೊಂಚ ಅನಿಶ್ಚಿತತೆಯನ್ನು ಬೆರೆಸಿದ್ದರಿಂದ ಉರುಹಚ್ಚಿದ ದಾರಿ ಕೈಕೊಡುತ್ತಿತ್ತು. ಇದನ್ನೆಲ್ಲ ನೆನೆದಾಗ, ಇಂದಿನ ಕಂಪನಿಗಳು ಮಾತ್ರವೇ ಆಟಗಾರನ ಜೇಬಿನ ಮೇಲೆ ಕಣ್ಣಿಟ್ಟಿವೆ ಎಂಬ ಮಾತನ್ನು ನಾನು ಒಪ್ಪಲಾರೆ.

ಮನೆಯ ಟಿವಿಗೆ ಬಂದ ಆಟಗಳ ಕಥೆಯೇ ಬೇರೆ. ನಿಂಟೆಂಡೊ ಕಂಪನಿಯ ಫ್ಯಾಮಿಕಾಮ್ 1983ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಮೇಲೆ ಹಣ ಒಂದೇ ಸಲ, ಅಂಗಡಿಯ ಕಟ್ಟೆಯ ಮೇಲೆಯೇ, ಆಟ ಆರಂಭವಾಗುವ ಮುನ್ನವೇ ಸಂದಾಯವಾಗಿಬಿಡುತ್ತಿತ್ತು. ಆಟಗಾರನನ್ನು ಬೇಗ ಕೊಲ್ಲುವ ಅವಸರ ಇನ್ನು ಯಾರಿಗೂ ಇರಲಿಲ್ಲ. ಕೊಟ್ಟ ಹಣಕ್ಕೆ ತಕ್ಕ ಸಂತೋಷ ಸಿಕ್ಕಿತು ಎಂದು ಅವನಿಗೆ ಅನ್ನಿಸಿದರೆ ಸಾಕಾಗಿತ್ತು. 1985ರ ಸೂಪರ್ ಮಾರಿಯೋ ಬ್ರದರ್ಸ್ ಆಟದ ಮೊದಲ ಹಂತವನ್ನು ನೆನಪಿಸಿಕೊಳ್ಳಿ. ಮಾರಿಯೋ ಪರದೆಯ ಎಡಬದಿಯಲ್ಲಿ ನಿಂತಿರುತ್ತಾನೆ, ಬಲಕ್ಕೆ ಬಯಲಿದೆ, ಆದ್ದರಿಂದ ಯಾರೂ ಹೇಳಿಕೊಡದೆಯೇ ನೀವು ಬಲಕ್ಕೆ ನಡೆಯುತ್ತೀರಿ. ಎದುರಿಗೆ ಹುಬ್ಬು ಗಂಟಿಕ್ಕಿದ ಒಂದು ಪ್ರಾಣಿ ಬರುತ್ತದೆ. ಅದಕ್ಕೆ ಹೆದರಿ ಹಾರಿದರೆ ತಲೆಗೆ ಪ್ರಶ್ನೆ ಚಿಹ್ನೆಯ ಇಟ್ಟಿಗೆ ತಾಗಬಹುದು. ಅಣಬೆ ಹೊರಬಂದು ಬಲಕ್ಕೆ ಹೊರಟದ್ದು, ಕೊಳವೆಗೆ ಬಡಿದು ಹಿಂತಿರುಗಿ ನಿಮ್ಮ ಕಡೆಗೇ ಬರುತ್ತದೆ. ತಪ್ಪಿಸಿಕೊಳ್ಳಲು ಹೋದರೂ ಅದು ನಿಮ್ಮನ್ನು ತಾಗಿ ದೊಡ್ಡವರನ್ನಾಗಿ ಮಾಡಿಬಿಡುವ ಸಂಭವವೇ ಹೆಚ್ಚು. ಅರ್ಧ ನಿಮಿಷದೊಳಗೆ ನಡೆಯುವುದು, ಹಾರುವುದು, ಹೊಡೆಯುವುದು, ಒಳಿತು ಕೆಡುಕುಗಳ ವ್ಯತ್ಯಾಸ ಇವೆಲ್ಲವೂ ಒಂದು ಅಕ್ಷರವನ್ನೂ ಓದದೆ ತಿಳಿದುಹೋಗಿರುತ್ತವೆ. ಈ 32 ಹಂತಗಳ ಇಡೀ ಆಟ ಹಿಡಿದದ್ದು ಕೇವಲ 40 ಕಿಲೋಬೈಟ್ ಜಾಗವನ್ನು. ವಾಟ್ಸಾಪ್‌ನಲ್ಲಿ ಬರುವ ಶುಭೋದಯದ ಚಿತ್ರ ಸಾಮಾನ್ಯವಾಗಿ ಇದಕ್ಕಿಂತ ದೊಡ್ಡದಿರುತ್ತದೆ! ಆಕಾಶದ ಮೋಡವೂ ನೆಲದ ಪೊದೆಯೂ ಒಂದೇ ಚಿತ್ರವಾಗಿದ್ದು ಬಣ್ಣ ಮಾತ್ರ ಬೇರೆಯಾಗಿರುವುದನ್ನು ಮಗನಿಗೆ ತೋರಿಸಿ ನೋಡಿ, ಅವನಿಗೆ ಇಷ್ಟವಾಗಬಹುದು.

ಆದರೂ ಮಾರಿಯೋಗೆ ಮೂರೇ ಜೀವ ಏಕೆ? ನಾಣ್ಯದ ಪೆಟ್ಟಿಗೆಯೇ ಇಲ್ಲದ ಮನೆಯಲ್ಲಿ ಅದಕ್ಕೆ ಅರ್ಥವಿರಲಿಲ್ಲ, ಆದರೂ ರೂಢಿ ಉಳಿದುಕೊಂಡಿತು. ಕಾಂಟ್ರಾ ಅಂತೂ 1987ರಲ್ಲಿ ಮೊದಲು ನಾಣ್ಯದ ಯಂತ್ರಕ್ಕೇ ಬಂದ ಆಟ. ಮರುವರ್ಷ ಮನೆಗೆ ಬಂದಾಗ ಗುಂಡು ತಾಗಿದೊಡನೆ ಸಾಯುವ ಹಳೆಯ ಚಾಳಿಯನ್ನು ತನ್ನೊಂದಿಗೇ ತಂದಿತು. ‘ಸುಮ್ಮನೆ ಕಷ್ಟ ಕೊಡುತ್ತವೆ’ ಎಂಬ ನಿಮ್ಮ ಮಗನ ದೂರಿನಲ್ಲಿ ಇಷ್ಟು ಹುರುಳಿದೆ. ನಾವು ಉಪಯೋಗಿಸುತ್ತಿದ್ದ 30 ಜೀವದ ಗುಟ್ಟು ನಿಮಗೆ ನೆನಪಿದೆಯಲ್ಲವೇ? ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಈ ಕೀಲಿ ಸರಣಿ ಹುಟ್ಟಿದ್ದು ಕಾಂಟ್ರಾಗಾಗಿ ಅಲ್ಲ. ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ ಅವರು 1986ರಲ್ಲಿ ಗ್ರಾಡಿಯಸ್ ಎಂಬ ಆಟವನ್ನು ಮನೆಯ ಯಂತ್ರಕ್ಕೆ ಅಳವಡಿಸುವಾಗ, ಪರೀಕ್ಷಿಸುವುದಕ್ಕೂ ತಮಗೆ ಅದು ವಿಪರೀತ ಕಷ್ಟವೆನ್ನಿಸಿ, ತಮ್ಮ ಅನುಕೂಲಕ್ಕೆಂದು ಸೇರಿಸಿಕೊಂಡದ್ದು. ಮಾಡಿದವರಿಗೇ ಗೆಲ್ಲಲಾಗದಷ್ಟು ಕಷ್ಟವನ್ನು ನಾವು ಶಿಸ್ತು ಎಂದು ಕರೆಯುತ್ತ ಬಂದಿದ್ದೇವೆ.

ಇಲ್ಲಿ ನಮ್ಮ ಊರುಗಳ ವಿಶೇಷವೊಂದನ್ನು ಹೇಳಬೇಕು; ನನ್ನ ಮಟ್ಟಿಗೆ ಇಡೀ ವಿಷಯದ ತಿರುಳೇ ಅದು. ನಾನು ಆಡಲು ಕಲಿತದ್ದು ಪೇಟೆಯ ಬೀದಿಯೊಂದರಲ್ಲಿ, ಮನೆಯ ಮುಂಗೋಣೆಯಲ್ಲಿ ಎರಡು ಟಿವಿಗಳನ್ನಿಟ್ಟು ಗಂಟೆಯ ಲೆಕ್ಕದಲ್ಲಿ ಆಡಲು ಬಿಡುತ್ತಿದ್ದವರೊಬ್ಬರ ಬಳಿ. ಫ್ಯಾಮಿಕಾಮ್‌ನ ನಕಲು ಯಂತ್ರ, ನಾವು ‘ಕ್ಯಾಸೆಟ್’ ಎಂದೇ ಕರೆಯುತ್ತಿದ್ದ ಕಾರ್ಟ್ರಿಜ್, ಅದರ ಮೇಲೆ ಸಾವಿರಗಟ್ಟಲೆ ಆಟಗಳಿವೆ ಎಂದು ಮುದ್ರಿಸಿದ್ದರೂ ಒಳಗೆ ಕೆಲವೇ ಆಟಗಳು ಬೇರೆ ಬೇರೆ ಹೆಸರಿನಲ್ಲಿ ಸುತ್ತಿ ಸುತ್ತಿ ಬರುತ್ತಿದ್ದವು. ಅಲ್ಲಿ ನಾವು ಹಣ ಕೊಡುತ್ತಿದ್ದುದು ಜೀವಕ್ಕಲ್ಲ, ಸಮಯಕ್ಕೆ. ಆದ್ದರಿಂದ ಸತ್ತರೆ ನಷ್ಟವಿರಲಿಲ್ಲ. ನಷ್ಟವೇನಿದ್ದರೂ ಒಬ್ಬನೇ ಆಡಿ ಗಂಟೆಯನ್ನು ಮುಗಿಸುವುದರಲ್ಲಿತ್ತು. ಇಬ್ಬರು ಕೂಡಿ ಆಡಿದರೆ ಅದೇ ದುಡ್ಡಿಗೆ ಇಬ್ಬರ ಆಟವಾಗುತ್ತಿತ್ತು, ಆದುದರಿಂದಲೇ ಇಬ್ಬರು ಜೊತೆಯಾಗಿ ಆಡಬಹುದಾದ ಕಾಂಟ್ರಾ ನಮ್ಮಲ್ಲಿ ಅಷ್ಟು ಜನಪ್ರಿಯವಾಯಿತು ಎಂದು ನಾನು ಊಹಿಸುತ್ತೇನೆ. ಜಪಾನಿನ ನಾಣ್ಯದ ಅಂಗಡಿಯಲ್ಲಿ ಆಟಗಾರರನ್ನು ಬೇಗ ಸೋಲಿಸಿ ದುಡ್ಡು ಕೀಳಲೆಂದು ಹುಟ್ಟಿದ ಆಟವು ನಮ್ಮ ಬೀದಿಯಲ್ಲಿ ಗೆಳೆತನದ ಆಟವಾಗಿ ಬದಲಾದದ್ದು ಹಣದ ಲೆಕ್ಕ ಬದಲಾದದ್ದರಿಂದ.

ಸೈಬರ್ ಸೆಂಟರ್‌ಗಳಲ್ಲಿಯೂ ಇದೇ ಗಂಟೆಯ ನ್ಯಾಯ ಮುಂದುವರಿಯಿತು. 2000ದ ಕೊನೆಯಲ್ಲಿ ಬಂದ ಐಜಿಐ ಆಟದ 14 ಕಾರ್ಯಾಚರಣೆಗಳಲ್ಲಿ ಯಾವುದರಲ್ಲಿಯೂ ಆಡಿದಷ್ಟನ್ನು ನಡುವೆ ಉಳಿಸಿಕೊಳ್ಳಲು (ಸೇವ್ ಮಾಡಲು) ಅವಕಾಶವಿರಲಿಲ್ಲ. ಗಂಟೆ ಮುಗಿಯಲು ಐದು ನಿಮಿಷವಿರುವಾಗ ಕೊನೆಯ ಬೇಲಿಯ ಬಳಿ ಗುಂಡು ತಿಂದು ಸತ್ತಾಗ ಆಗುತ್ತಿದ್ದ ಸಂಕಟವನ್ನು ನಾರ್ವೆಯಲ್ಲಿ ಕುಳಿತು ಆ ಆಟವನ್ನು ರೂಪಿಸಿದವರು ಊಹಿಸಿರಲಾರರು. ಕೌಂಟರ್ ಸ್ಟ್ರೈಕ್ ಇದಕ್ಕೆ ತದ್ವಿರುದ್ಧ. ಕೆಲವೇ ನಿಮಿಷಗಳ ಸುತ್ತುಗಳು, ಎದುರು ಸಾಲಿನಲ್ಲಿ ಕುಳಿತ ಗೆಳೆಯನೇ ವೈರಿ, ಸತ್ತವನಿಗೆ ಇತರರ ಆಟವನ್ನು ನೋಡುತ್ತ ಸಲಹೆ ಕೂಗುವ ಸುಖ.

ಇದೇ ಕೌಂಟರ್ ಸ್ಟ್ರೈಕ್ ನನ್ನ ವಾದಕ್ಕೆ ಅತ್ಯುತ್ತಮ ಸಾಕ್ಷಿ. 1999ರಲ್ಲಿ ಹಾಫ್ ಲೈಫ್ ಎಂಬ ಇನ್ನೊಂದು ಆಟವನ್ನು ಮಾರ್ಪಡಿಸಿ ಮಿನ್ ಲೀ ಮತ್ತು ಜೆಸ್ ಕ್ಲಿಫ್ ಎಂಬಿಬ್ಬರು ಹವ್ಯಾಸಕ್ಕಾಗಿ ಕಟ್ಟಿ ಉಚಿತವಾಗಿ ಹಂಚಿದ ಆಟವಿದು. ಅದರೊಳಗೆ ಬಂದೂಕು ಕೊಳ್ಳಲು ದುಡ್ಡು ಬೇಕಿತ್ತು ನಿಜ, ಆದರೆ ಆ ದುಡ್ಡನ್ನು ಸುತ್ತು ಗೆದ್ದು, ವೈರಿಯನ್ನು ಹೊಡೆದು ಗಳಿಸಬೇಕಿತ್ತು. ಯಾರ ಅಪ್ಪನ ಜೇಬಿನಿಂದಲೂ ಅದು ಬರುವಂತಿರಲಿಲ್ಲ. 2013ರ ಆಗಸ್ಟ್‌ನಲ್ಲಿ ಅದೇ ಸರಣಿಯ ಹೊಸ ಆಟಕ್ಕೆ ಅದನ್ನು ಹೊರತರುವ ವಾಲ್ವ್ ಕಂಪನಿಯು ಬಂದೂಕುಗಳ ಬಣ್ಣಬಣ್ಣದ ಹೊದಿಕೆಗಳನ್ನು ಸೇರಿಸಿತು. ಮುಚ್ಚಿದ ಪೆಟ್ಟಿಗೆ ಸಿಗುತ್ತದೆ, ತೆರೆಯುವ ಕೀಲಿಯನ್ನು ನಿಜವಾದ ಹಣಕ್ಕೆ ಕೊಳ್ಳಬೇಕು, ಒಳಗೆ ಏನಿದೆ ಎಂಬುದು ತೆರೆದ ಮೇಲೆಯೇ ಗೊತ್ತಾಗುತ್ತದೆ. ಗುರಿ ಇಡುವ ಕೌಶಲ, ಮೂಲೆ ಕಾಯುವ ತಾಳ್ಮೆ ಇವುಗಳಲ್ಲಿ ಯಾವುದೂ ಬದಲಾಗಲಿಲ್ಲ. ಆದರೆ ಆಟದ ಪಕ್ಕದಲ್ಲಿ ಒಂದು ಲಾಟರಿ ಅಂಗಡಿ ತೆರೆಯಿತು. ಇಂತಹ ಪೆಟ್ಟಿಗೆಗಳನ್ನು ಬೆಲ್ಜಿಯಂನ ಜೂಜು ನಿಯಂತ್ರಣ ಆಯೋಗವು 2018ರಲ್ಲಿ ಜೂಜೆಂದೇ ತೀರ್ಮಾನಿಸಿತು. ಪಗಡೆಯ ದಾಳವನ್ನು ಕಂಡವರಾದ ನಮಗೆ ಅದರಲ್ಲಿ ಅಚ್ಚರಿಪಡುವಂಥದ್ದು ಏನೂ ಇಲ್ಲ.

ಈಗ ನಿಮ್ಮ ಮಗನ ಬಿಜಿಎಂಐ. ನೂರು ಮಂದಿ ಒಂದು ದ್ವೀಪಕ್ಕೆ ಇಳಿಯುತ್ತಾರೆ, ಸುರಕ್ಷಿತ ವೃತ್ತ ಕುಗ್ಗುತ್ತ ಹೋಗುತ್ತದೆ, ಸುಮಾರು ಅರ್ಧ ಗಂಟೆಯಲ್ಲಿ ಒಂದು ತಂಡ ಉಳಿಯುತ್ತದೆ. ದಿಕ್ಕನ್ನು ಕರಾರುವಾಕ್ಕಾಗಿ ಹೇಳುವುದು, ಕಡಿಮೆ ಮದ್ದುಗುಂಡಿನಲ್ಲಿ ನಿಭಾಯಿಸುವುದು, ಎಲ್ಲಿ ಹೊಡೆದಾಟಕ್ಕೆ ಇಳಿಯಬಾರದು ಎಂದು ತಿಳಿಯುವುದು ಇವೆಲ್ಲ ನಿಜವಾದ ಕೌಶಲಗಳು. ಅವನು ಅದನ್ನು ಚೆನ್ನಾಗಿ ಆಡುತ್ತಿದ್ದರೆ ನಿಮ್ಮ ಕಾಂಟ್ರಾ ಸಾಧನೆಗಿಂತ ಕಡಿಮೆಯೇನಲ್ಲ. ಆಟಕ್ಕೆಂದೇ ಯಂತ್ರ ಕೊಳ್ಳಲಾಗದ ಮನೆಗಳ ಮಕ್ಕಳೂ ಸಾಧಾರಣ ಫೋನಿನಲ್ಲಿ ಅದನ್ನು ಆಡಬಲ್ಲರು ಎಂಬುದನ್ನು ನಮ್ಮಂತಹ ಹಳಬರು ಮರೆಯುತ್ತೇವೆ. ಅಂಗಡಿ ಇರುವುದು ಆಟದ ಸುತ್ತ. ಅಲ್ಲಿ ರೂಪಾಯಿಯನ್ನು ಮೊದಲು ಯುಸಿ ಎಂಬ ಟೋಕನ್ನಾಗಿ ಪರಿವರ್ತಿಸಿಕೊಳ್ಳಬೇಕು, ಆಮೇಲೆ ಆ ಟೋಕನ್ನಿನಲ್ಲಿ ಬಟ್ಟೆ, ಬಂದೂಕಿನ ಬಣ್ಣ, ಆಟದ ಒಂದೊಂದು ಅವಧಿಗೆ ಒಂದರಂತೆ, ಆಡುತ್ತ ಹೋದಂತೆ ಬಹುಮಾನ ಕೊಡುವ ಪಾಸ್. ಈ ಎರಡು ಮೆಟ್ಟಿಲುಗಳ ವ್ಯವಸ್ಥೆಯಿಂದ ಬೆಲೆ ಎಷ್ಟೆಂಬ ಅರಿವು ಮಸುಕಾಗುತ್ತದೆ, ಪಾಸಿನ ಅವಧಿ ಮುಗಿಯುವ ಭಯದಿಂದ ಆಡಲು ಮನಸ್ಸಿಲ್ಲದ ದಿನವೂ ಹುಡುಗ ಫೋನು ಹಿಡಿಯುತ್ತಾನೆ. ನಿಮ್ಮ ಕಾಲದಲ್ಲಿ ಗಂಟೆ ಮುಗಿದರೆ ಅಂಗಡಿಯವರೇ ಎಬ್ಬಿಸಿ ಕಳುಹಿಸುತ್ತಿದ್ದರು. ಇಲ್ಲಿ ಎಬ್ಬಿಸುವವರೇ ಇಲ್ಲ. ಪಬ್‌ಜಿ ಮೊಬೈಲ್ ಅನ್ನು 2020ರ ಸೆಪ್ಟೆಂಬರ್‌ನಲ್ಲಿ ಭಾರತ ಸರ್ಕಾರ ನಿಷೇಧಿಸಿತು. 2021ರಲ್ಲಿ ಅದರ ಭಾರತೀಯ ರೂಪವಾಗಿ ಬಂದ ಬಿಜಿಎಂಐ 2022ರ ಜುಲೈನಲ್ಲಿ ಮತ್ತೆ ತಡೆಗೆ ಒಳಗಾಯಿತು. 2023ರ ಮೇ ತಿಂಗಳಲ್ಲಿ ಮರಳಿದಾಗ 18 ವರ್ಷದೊಳಗಿನವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯನ್ನು ಹೊತ್ತುಕೊಂಡೇ ಬಂದಿತು. ನನ್ನನ್ನು ಕೇಳಿದರೆ ಮೂರು ಗಂಟೆಯೂ ಹೆಚ್ಚೇ.

ನಾನು ಸಹಿಸದಿರುವುದು ಇದಕ್ಕಿಂತ ಬೇರೆ ಜಾತಿಯ ಆಟಗಳನ್ನು. 2012ರ ಕ್ಯಾಂಡಿ ಕ್ರಷ್‌ನಲ್ಲಿ ಐದು ಜೀವಗಳಿವೆ, ಕಳೆದುಕೊಂಡ ಒಂದೊಂದೂ ಮರಳಲು ಅರ್ಧ ಗಂಟೆ ಬೇಕು. ಕಾಯಲಾರದವರು ದುಡ್ಡು ಕೊಡಬಹುದು. ನಾಣ್ಯದ ಯಂತ್ರ ಆಟವನ್ನು ಮಾರುತ್ತಿತ್ತು, ಇದು ಕಾಯುವಿಕೆಯನ್ನು ಮಾರುತ್ತದೆ. ಬೇಸರವನ್ನು ಮೊದಲು ಉಂಟುಮಾಡಿ ಅದರಿಂದ ಬಿಡುಗಡೆಗೆ ಬೆಲೆ ಕಟ್ಟುವ ಈ ವಿದ್ಯೆ ಬೇಕೆಂದೇ ಆಟವನ್ನು ಕೆಡಿಸುತ್ತದೆ. ಉಪದೇಶ ಮಾಡುವ ಯೋಗ್ಯತೆ ನನಗೂ ಇಲ್ಲವೆನ್ನಿ. ಕೋಟೆ ಕಟ್ಟುವ ಫೋನಿನ ಆಟವೊಂದರಲ್ಲಿ ಗೋಡೆ ಏಳಲು ಎರಡು ದಿನ ಕಾಯಲಾರದೆ ನಾನು ಒಂದು ಮಳೆಗಾಲವಿಡೀ ಸುರಿದ ದುಡ್ಡಿನಲ್ಲಿ ಹತ್ತಾರು ಪೂರ್ಣ ಆಟಗಳನ್ನು ಕೊಳ್ಳಬಹುದಿತ್ತು. ಆ ಗೋಡೆಗಳು ಈಗ ಹೇಗಿವೆಯೆಂದು ನೋಡಲೂ ಹೋಗಿಲ್ಲ.

ಪತ್ರಿಕೆಗಳಲ್ಲಿ ‘ಆನ್‌ಲೈನ್ ಗೇಮಿಂಗ್’ ಎಂದು ಬರುವ ಸುದ್ದಿಗಳನ್ನು ಇದರೊಂದಿಗೆ ಬೆರೆಸಬೇಡಿ. ಕರ್ನಾಟಕವು 2021ರಲ್ಲಿ ಪೊಲೀಸ್ ಕಾಯ್ದೆಗೆ ತಂದ ತಿದ್ದುಪಡಿ, ಅದರ ಮುಖ್ಯ ಭಾಗಗಳನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದುಪಡಿಸಿದ್ದು, 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ಇವೆಲ್ಲ ಮುಖ್ಯವಾಗಿ ಹಣ ಹೂಡಿ ಹಣ ಗೆಲ್ಲುವ ಆಟಗಳನ್ನು ಕುರಿತವು. ರಮ್ಮಿಯನ್ನೂ ಮಾರಿಯೋವನ್ನೂ ಒಂದೇ ಪದದಲ್ಲಿ ಕಟ್ಟಿಹಾಕಿರುವುದರಿಂದ ಆಗಿರುವ ಗೊಂದಲ ಸಣ್ಣದಲ್ಲ. ಅದರ ತಮಾಷೆಯ ಮುಖವೂ ಒಂದಿದೆ: ಪೋಕರ್ ಎಲೆಗಳನ್ನು ಬಳಸುವ, ಆದರೆ ಒಂದು ಪೈಸೆಯ ಪಣವೂ ಇಲ್ಲದ 2024ರ ಬಲಾತ್ರೋ ಎಂಬ ಅದ್ಭುತ ಆಟಕ್ಕೆ ಆಟಗಳಿಗೆ ವಯೋಮಿತಿ ಗೊತ್ತುಪಡಿಸುವ ಯುರೋಪಿನ ಸಂಸ್ಥೆಯು 18 ವರ್ಷದ ಮುದ್ರೆ ಒತ್ತಿತು, ಅದೇ ಸಂಸ್ಥೆಯು, ಒಳಗೆ ಯಾವ ಆಟಗಾರರ ಕಾರ್ಡುಗಳಿವೆ ಎಂದು ತಿಳಿಯದ ಮುಚ್ಚಿದ ಪೊಟ್ಟಣಗಳನ್ನು ದುಡ್ಡಿಗೆ ಮಾರುವ ಫುಟ್‌ಬಾಲ್ ಆಟಕ್ಕೆ 3 ವರ್ಷದ ಮುದ್ರೆ ಕೊಟ್ಟಿತ್ತು. ಮೇಲ್ಮನವಿಯ ನಂತರ 2025ರಲ್ಲಿ ಬಲಾತ್ರೋ 12ಕ್ಕೆ ಇಳಿಯಿತು.

ಹಳೆಯ ಕಾಲದಂತೆ ಒಂದೇ ಸಲ ಹಣ ಪಡೆದು ಆಮೇಲೆ ಸುಮ್ಮನಾಗುವ ಆಟಗಳು ಇಂದು ಇಲ್ಲವೆಂದು ತಿಳಿದರೆ ಅದು ನೀವು ಫೋನಿನಾಚೆಗೆ ಹುಡುಕದಿರುವುದರಿಂದ ಮಾತ್ರ. ಎರಿಕ್ ಬರೋನ್ ಎಂಬವರು ನಾಲ್ಕು ವರ್ಷಕ್ಕೂ ಹೆಚ್ಚು ಕಾಲ ಒಬ್ಬರೇ ಕುಳಿತು, ಚಿತ್ರ ಸಂಗೀತಗಳನ್ನೂ ತಾವೇ ಮಾಡಿ, 2016ರಲ್ಲಿ ಹೊರತಂದ ಸ್ಟಾರ್‌ಡ್ಯೂ ವ್ಯಾಲಿ ಆಟದಲ್ಲಿ ಹಳ್ಳಿಯೊಂದರಲ್ಲಿ ಬೇಸಾಯ ಮಾಡುತ್ತ ಬದುಕಬಹುದು. ಆಮೇಲಿನ ಅದರ ಎಲ್ಲ ದೊಡ್ಡ ಸೇರ್ಪಡೆಗಳೂ ಕೊಂಡವರಿಗೆ ಉಚಿತವಾಗಿಯೇ ಬಂದಿವೆ. ಆಸ್ಟ್ರೇಲಿಯಾದ ಅಡಿಲೇಡ್‌ನ ಪುಟ್ಟ ತಂಡ 2017ರಲ್ಲಿ ಮಾಡಿದ ಹಾಲೋ ನೈಟ್ ನಿಮ್ಮ ಕಾಲದ ಯಾವುದೇ ಆಟದಷ್ಟು ಕಷ್ಟದ್ದು, ಆದರೆ ಅಲ್ಲಿನ ಪ್ರತಿ ಸಾವಿನಿಂದಲೂ ಏನನ್ನಾದರೂ ಕಲಿಯುವಿರಿ. 2018ರ ಸೆಲೆಸ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಷ್ಟವೆನ್ನಿಸಿದವರು ವೇಗವನ್ನು ತಗ್ಗಿಸಿಕೊಂಡು ಆಡಬಹುದು ಎಂದು ಸೌಜನ್ಯದಿಂದಲೇ ಹೇಳುತ್ತದೆ. ಕಷ್ಟಪಡದೆ ಗೆದ್ದವನು ಆಟಗಾರನೇ ಅಲ್ಲ ಎಂದು ಮೂಗುಮುರಿಯುವ ಮಡಿವಂತರು ನಮ್ಮ ವಲಯದಲ್ಲಿ ಬಹಳಿದ್ದಾರೆ. 30 ಜೀವದ ಗುಟ್ಟಿನಿಂದಲೇ ಕಾಂಟ್ರಾ ಮುಗಿಸಿದ ಪೀಳಿಗೆಯವರು ಹಾಗೆ ಹೇಳುವುದನ್ನು ಕೇಳಿದಾಗ ನನಗೆ ನಗು ಬರುತ್ತದೆ.

ಹಳೆಯದರ ಪರವಾಗಿ ಒಂದು ಮಾತನ್ನು ಮಾತ್ರ ನಾನು ಬಿಟ್ಟುಕೊಡುವುದಿಲ್ಲ. ಕ್ಯಾಸೆಟ್ ನಿಮ್ಮದಾಗಿತ್ತು, ಅಟ್ಟದಿಂದ ಇಳಿಸಿ, ಊದಿ, ಸಿಕ್ಕಿಸಿದರೆ ಇಂದಿಗೂ ಆಡಬಹುದು. ಯೂಬಿಸಾಫ್ಟ್ ಕಂಪನಿಯ ದಿ ಕ್ರೂ ಎಂಬ ಕಾರಿನ ಆಟವನ್ನು ಹಣ ಕೊಟ್ಟು ಕೊಂಡವರು, 2024ರ ಮಾರ್ಚ್ ಕೊನೆಗೆ ಸರ್ವರ್ ನಿಂತ ಮೇಲೆ ಒಬ್ಬರೇ ಆಡಲೂ ಅದು ತೆರೆಯದೆ ಕುಳಿತರು. ಇದರ ಎದುರಿಗೆ 2006ರ ಕೊನೆಯಲ್ಲಿ ಬಂದ ಇಎ ಕಂಪನಿಯ ಕ್ರಿಕೆಟ್ 07 ಆಟವನ್ನು ಇಟ್ಟು ನೋಡಿ. ಆ ಸರಣಿಯಲ್ಲಿ ಕಂಪನಿ ಮತ್ತೊಂದು ಆಟವನ್ನು ಹೊರತರಲಿಲ್ಲ, ಆದರೆ ಆಟ ಜನರ ಕಂಪ್ಯೂಟರಿನಲ್ಲಿಯೇ ಇದ್ದುದರಿಂದ ಅಭಿಮಾನಿಗಳು ಹೊಸ ಆಟಗಾರರ ಮುಖ, ಜೆರ್ಸಿ, ಐಪಿಎಲ್ ತಂಡಗಳನ್ನು ತಾವೇ ಸೇರಿಸುತ್ತ ಅದನ್ನು ವರ್ಷಾನುವರ್ಷ ಬದುಕಿಸಿದರು.

ಕೊನೆಗೆ, ನೀವು ಮಾಡಬಹುದಾದದ್ದು. ಮಗನ ಫೋನಿನಲ್ಲಿ ಹಣ ಪಾವತಿಗೆ ನಿಮ್ಮ ಪಾಸ್‌ವರ್ಡ್ ಬೇಕಾಗುವಂತೆ ಇಡಿ, ಆದರೆ ಆಟವನ್ನು ಕಿತ್ತುಕೊಳ್ಳಬೇಡಿ. ವಾರಕ್ಕೊಮ್ಮೆ ಅವನ ತಂಡದಲ್ಲಿ ನೀವೂ ಇಳಿಯಿರಿ, ಮೊದಲ ಐದು ನಿಮಿಷದಲ್ಲಿಯೇ ಸಾಯುವಿರಿ, ಪರವಾಗಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇದ್ದರೆ, ಇಬ್ಬರಿಲ್ಲದೆ ಆಡಲೇ ಬಾರದಂತೆ ರೂಪಿಸಿರುವ 2021ರ ಇಟ್ ಟೇಕ್ಸ್ ಟೂ ಆಟವನ್ನು ಅವನೊಂದಿಗೆ ಕುಳಿತು ಆಡಿ. ಹಳೆಯ ಕಾಂಟ್ರಾ ಆಟಗಳಲ್ಲಿ ಹಲವನ್ನು ಒಟ್ಟುಗೂಡಿಸಿ ಕೊನಾಮಿ 2019ರಲ್ಲಿ ಬಿಡುಗಡೆ ಮಾಡಿದ ಸಂಗ್ರಹ ಸ್ಟೀಮ್ ಎಂಬ ಆನ್‌ಲೈನ್ ಆಟದಂಗಡಿಯಲ್ಲಿ ದೊರೆಯುತ್ತದೆ, ಎರಡು ಕಂಟ್ರೋಲರ್ ಸಿಕ್ಕಿಸಿದರೆ ಅಪ್ಪ ಮಗ ಜೊತೆಯಾಗಿ ಆಡಬಹುದು. ಆ 30 ಜೀವದ ಗುಟ್ಟು ಅದರಲ್ಲಿಯೂ ಕೆಲಸ ಮಾಡುತ್ತದೆ. ಅವನು ಮೂರನೆಯ ಹಂತದ ಜಲಪಾತದಲ್ಲಿ ನಾಲ್ಕೈದು ಸಲ ಬಿದ್ದು ಸಿಡುಕುವವರೆಗೆ ಮಾತ್ರ ಹೇಳಬೇಡಿ.